ಅರವತ್ತೈದು ಸಾವಿರ ಬಣ್ಣ ಎಣಿಸಿದವರು ಯಾರು?

"ಎಂತ ಮಾರಾಯ, ಅಷ್ಟು ಸಣ್ಣ ವಿಷಯಕ್ಕೆ ಯಾಕೆ ತಲೆಬಿಸಿ ಮಾಡಿಕೊಳ್ತಿ? ಕಂಪನಿಯವರು ಕೊಟ್ಟದ್ದನ್ನು ಹಾಕಿದ್ದೇವೆ, ಅಷ್ಟೆ. ಸ್ಕ್ರೀನಿನಲ್ಲಿ ಎಷ್ಟು ಬಣ್ಣ ಉಂಟು ಅಂತ ನಾವು ಕೂತು ಎಣಿಸ್ಲಿಕ್ಕೆ ಆಗ್ತದಾ?"

ಮೊನ್ನೆ ಫೋನಿನಲ್ಲಿ ಹೀಗೆ ಕೇಳಿದವನು ನನ್ನ ಬ್ಯಾಚ್‌ಮೇಟ್. ಒಂದು ಪತ್ರಿಕೆಯಲ್ಲಿ ವಾರಕ್ಕೊಮ್ಮೆ ಬರುವ ತಂತ್ರಜ್ಞಾನದ ಪುಟ ನೋಡಿಕೊಳ್ಳುತ್ತಾನೆ. ಒಳ್ಳೆಯವನು, ಕೆಲಸಗಾರ. ಹಾಸ್ಟೆಲಿನಲ್ಲಿ ನನ್ನ ಪಾಲಿನ ಉಪ್ಪಿಟ್ಟನ್ನೂ ತಿಂದವನು. ಆದರೆ ಈ ಮಾತಿನಲ್ಲಿ ಅವನು ಪೂರ್ತಿ ತಪ್ಪು. ಅದನ್ನು ಫೋನಿನಲ್ಲಿ ಹೇಳಿ ಮುಗಿಸಲು ಆಗಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಅವನೂ ಓದುತ್ತಾನೆ, ಗೊತ್ತು.

ಎಣಿಸಲಿಕ್ಕೆ ಆಗುತ್ತದೆ. 2002ರಲ್ಲಿ ಅಮೆರಿಕದಲ್ಲಿ ಜನ ಎಣಿಸಿಯೂ ಇದ್ದಾರೆ. ಎಣಿಸಿದವರು ಪತ್ರಕರ್ತರಲ್ಲ, ದುಡ್ಡು ಕೊಟ್ಟು ಕೊಂಡವರು. ನನ್ನ ತಕರಾರು ಇರುವುದೇ ಅಲ್ಲಿ.

ಈಗಿನ ಹುಡುಗರಿಗೆ ಪಾಮ್ ಅಂದರೆ ಏನೆಂದು ಹೇಳಬೇಕಾದೀತು. ಮೊಬೈಲಿನಲ್ಲಿ ಫೋನು, ಮೆಸೇಜು, ಹಾವಿನ ಆಟ ಬಿಟ್ಟು ಬೇರೇನೂ ಇಲ್ಲದ ಕಾಲದಲ್ಲಿ ವಿಳಾಸ, ದಿನಚರಿ, ಮಾಡಬೇಕಾದ ಕೆಲಸದ ಪಟ್ಟಿ, ಸಣ್ಣಪುಟ್ಟ ಟಿಪ್ಪಣಿ ಎಲ್ಲವನ್ನೂ ಹಿಡಿದಿಡುತ್ತಿದ್ದ ಅಂಗೈಯಗಲದ ಯಂತ್ರ. ಒಂದು ಪ್ಲಾಸ್ಟಿಕ್ ಕಡ್ಡಿಯಿಂದ ಪರದೆಯ ಕೆಳಭಾಗದಲ್ಲಿ ಬರೆದರೆ ಅಕ್ಷರ ಮೂಡುತ್ತಿತ್ತು. ಮೊದಲನೆಯದು 1996ರಲ್ಲಿ ಬಂತು, ಬೂದು ಬಣ್ಣದ ಪರದೆ. ಬಣ್ಣದ ಮೊದಲ ಪಾಮ್ ಬಂದದ್ದು 2000ದ ಫೆಬ್ರುವರಿಯಲ್ಲಿ. ಹೆಸರು ಪಾಮ್ ತ್ರೀ ಸಿ, ಬೆಲೆ 449 ಡಾಲರ್, ಬಣ್ಣ 256. ನಾನು ಅದನ್ನು ಮೊದಲು ನೋಡಿದ್ದು ನೆಂಟರ ಮದುವೆ ಮನೆಯಲ್ಲಿ, ಅತ್ತೆ ಮಗನ ಕೈಯಲ್ಲಿ. ಊಟದ ಪಂಕ್ತಿಗೆ ಕರೆದರೂ ನಾವು ನಾಲ್ಕೈದು ಜನ ಏಳಲಿಲ್ಲ. ಕ್ಯಾಲೆಂಡರಿನಲ್ಲಿ ಆ ದಿನದ ಚೌಕ ಬಣ್ಣದಲ್ಲಿ ಹೊಳೆಯುತ್ತಿತ್ತು, ಅಷ್ಟೇ. ಅಷ್ಟಕ್ಕೇ ಪಾಯಸ ತಪ್ಪಿಹೋಯಿತು.

ಇನ್ನು ಕಥೆಗೆ ಬರುತ್ತೇನೆ. 2002ರ ಮಾರ್ಚ್‌ನಲ್ಲಿ ಪಾಮ್ ಕಂಪನಿ ಎರಡು ಬಣ್ಣದ ಮಾದರಿಗಳನ್ನು ಒಟ್ಟಿಗೇ ಬಿಟ್ಟಿತು. ಒಂದು ಎಂ515, ಬೆಲೆ 399 ಡಾಲರ್. ಇನ್ನೊಂದು ಎಂ130, ಬೆಲೆ 279 ಡಾಲರ್. ಎರಡಕ್ಕೂ 65,000ಕ್ಕಿಂತ ಹೆಚ್ಚು ಬಣ್ಣ ಎಂದು ಕಂಪನಿ ಹೇಳಿತು. ಬಿಡುಗಡೆಯ ಸುದ್ದಿ ಬರೆದವರು ಆ ಸಂಖ್ಯೆಯನ್ನು ಹಾಗೇ ಎತ್ತಿ ಹಾಕಿದರು. ವಿಮರ್ಶೆಗಳ ಕೊನೆಯ ಚೌಕದಲ್ಲಿ ಅದೇ ಸಂಖ್ಯೆ, ಅಂಗಡಿಯವರ ಪಟ್ಟಿಯಲ್ಲೂ ಅದೇ. ಒಂದೇ ಸುಳ್ಳು ಹತ್ತು ಕಡೆ ಬಂದರೆ ಓದುವವನಿಗೆ ಅದು ಹತ್ತು ಸಾಕ್ಷಿಯ ಹಾಗೆ ಕಾಣುತ್ತದೆ. ಹತ್ತೂ ಒಂದೇ ಪ್ರೆಸ್ ನೋಟಿನ ಮಕ್ಕಳು ಎಂದು ಅವನಿಗೆ ಹೇಗೆ ಗೊತ್ತಾಗಬೇಕು?

ಐದು ತಿಂಗಳು ಹೀಗೇ ನಡೆಯಿತು. ಕೊಂಡವರಲ್ಲಿ ಕೆಲವರಿಗೆ ಅನುಮಾನ ಬಂತು, ಕೇಳತೊಡಗಿದರು. ಆಗಸ್ಟ್‌ನಲ್ಲಿ ಕಂಪನಿ ಒಪ್ಪಿಕೊಂಡಿತು: ಎಂ130ರ ಪರದೆ 65,000ಕ್ಕಿಂತ ಹೆಚ್ಚು ಬಣ್ಣ ತೋರಿಸುವುದಿಲ್ಲ, ತೋರಿಸುವುದು 58,621 ಬಣ್ಣಗಳ ಮಿಶ್ರಣ. ಕ್ಷಮೆಯನ್ನೂ ಕೇಳಿತು. ಗ್ರಾಹಕರ ಪರವಾಗಿ ಮೊಕದ್ದಮೆಯೂ ಬಿತ್ತು.

ನನ್ನ ಗೆಳೆಯ ಇಲ್ಲಿ ನಗುತ್ತಾನೆ. "58,621 ಅಂದ್ರೆ ಕಡಿಮೆಯಾ? ನೂರಕ್ಕೆ ಹತ್ತು ಹನ್ನೊಂದು ಕಮ್ಮಿ. ಅದಕ್ಕೆ ಕೋರ್ಟಿಗೆ ಹೋಗುದಾ?"

ಸರಿ, ಮೊದಲು ಅವನ ಲೆಕ್ಕವನ್ನೇ ಹಿಡಿಯೋಣ. ಕಮ್ಮಿ ಇರುವುದು ನೂರಕ್ಕೆ ಹತ್ತೂವರೆ. ಸಂತೆಯಲ್ಲಿ ಒಂದು ಕಿಲೋ ಮೆಣಸಿನಕಾಯಿ ತೂಗಿಸಿಕೊಂಡು ಮನೆಗೆ ಬಂದು ನೋಡಿದರೆ ಒಂಬೈನೂರು ಗ್ರಾಮಿಗೂ ಕಡಿಮೆ ಇದ್ದ ಹಾಗೆ. ನಮ್ಮ ಊರಿನಲ್ಲಿ ಅಂಥ ತಕ್ಕಡಿಯವನಿಗೆ ಒಂದು ಹೆಸರು ಬೀಳುತ್ತದೆ, ಮುಂದಿನ ವಾರ ಅವನ ಮುಂದೆ ಜನ ನಿಲ್ಲುವುದಿಲ್ಲ. ತೂಕ ಮತ್ತು ಅಳತೆಗೆ ಒಂದು ಇಲಾಖೆಯೇ ಇದೆ, ಬೊಟ್ಟಿನ ಮೇಲೆ ಮುದ್ರೆ ಒತ್ತುತ್ತಾರೆ. ಬಣ್ಣದ ಪರದೆಗೆ ಮುದ್ರೆ ಒತ್ತುವವರು ಯಾರು? ನಾವು ಎಂದುಕೊಂಡಿದ್ದರು ಓದುಗರು.

ಆದರೆ ವಿಷಯ ಹತ್ತೂವರೆಯದ್ದು ಮಾತ್ರವಲ್ಲ. ಸ್ವಲ್ಪ ಲೆಕ್ಕ ಹೇಳುತ್ತೇನೆ, ಪುಟ ಬಿಟ್ಟು ಓಡಬೇಡಿ. ಏಳನೇ ತರಗತಿಯ ಗುಣಾಕಾರಕ್ಕಿಂತ ಹೆಚ್ಚೇನೂ ಇಲ್ಲ.

ಪರದೆಯ ಒಂದೊಂದು ಚುಕ್ಕಿಯಲ್ಲೂ ಕೆಂಪು, ಹಸಿರು, ನೀಲಿ ಎಂಬ ಮೂರು ತುಂಡು. ಕೆಂಪನ್ನು 32 ಮೆಟ್ಟಿಲಲ್ಲಿ, ಹಸಿರನ್ನು 64 ಮೆಟ್ಟಿಲಲ್ಲಿ, ನೀಲಿಯನ್ನು 32 ಮೆಟ್ಟಿಲಲ್ಲಿ ಏರಿಸಿ ಇಳಿಸಲು ಬಂದರೆ 32 × 64 × 32, ಅಂದರೆ 65,536 ಬಣ್ಣ. ಇದು 16 ಬಿಟ್‌ನ ಪರದೆ. ಎಂ515ರಲ್ಲಿ ಇದ್ದದ್ದು ಇದು. ಎಂ130ರಲ್ಲಿ ಇದ್ದದ್ದು 12 ಬಿಟ್‌ನ ಪರದೆ. ಅದರಲ್ಲಿ ಮೂರಕ್ಕೂ 16 ಮೆಟ್ಟಿಲು ಮಾತ್ರ. 16 × 16 × 16, ಅಂದರೆ 4,096. ಪರದೆ ತನ್ನಷ್ಟಕ್ಕೆ ಕೊಡುವ ಬಣ್ಣ ಅಷ್ಟೇ, ಹೇಳಿದ್ದರ ಹದಿನಾರನೇ ಒಂದು ಪಾಲು!

ಹಾಗಾದರೆ 58,621 ಎಲ್ಲಿಂದ ಬಂತು? ಎರಡು ಮೆಟ್ಟಿಲಿನ ನಡುವಿನ ಬಣ್ಣ ಬೇಕಾದಾಗ ಎರಡನ್ನೂ ಬೆರೆಸಿ ಕಣ್ಣನ್ನು ನಂಬಿಸುವ ಉಪಾಯಗಳಿವೆ. ಹದಿನಾರು ಮೆಟ್ಟಿಲಿನ ನಡುವೆ ಹದಿನೈದು ಸಂದು. ಸಂದಿಗೊಂದು ಸುಳ್ಳು ಮೆಟ್ಟಿಲು ಇಟ್ಟರೆ 16 ಮತ್ತು 15 ಸೇರಿ 31. ಸಂದಿಗೆ ಮೂರು ಇಟ್ಟರೆ 16 ಮತ್ತು 45 ಸೇರಿ 61. ಈಗ ಕೆಂಪಿಗೆ 31, ಹಸಿರಿಗೆ 61, ನೀಲಿಗೆ 31 ಇಟ್ಟು ಗುಣಿಸಿ ನೋಡಿ. 58,621. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಕ್ಷಮೆ ಕೇಳಿದ ಮೇಲೆ ಕೊಟ್ಟ ಸಂಖ್ಯೆಯೂ ಗಟ್ಟಿ ಬಣ್ಣದ್ದಲ್ಲ, ನೀರು ಬೆರೆಸಿದ ಹಾಲಿನದ್ದು. ಈ ಗುಣಾಕಾರವನ್ನು ನಾನು ಮಾಡಿದ್ದು ಬಸ್ ಟಿಕೆಟಿನ ಹಿಂಭಾಗದಲ್ಲಿ. ಇದಕ್ಕೆ ಎಂಜಿನಿಯರ್ ಆಗಬೇಕಾಗಿಲ್ಲ, ಗ್ರಾಮೀಣ ಪತ್ರಿಕೋದ್ಯಮದ ಡಿಗ್ರಿ ಸಾಕು.

ಇನ್ನೊಂದು ತಮಾಷೆ ಇದೆ. ಎಂ130ರ ಪರದೆಯಲ್ಲಿ ಅಡ್ಡ 160, ಉದ್ದ 160 ಚುಕ್ಕಿ. ಗುಣಿಸಿದರೆ 25,600. ಇರುವ ಚುಕ್ಕಿಯೇ 25,600 ಆದಾಗ ಒಂದು ಸಲಕ್ಕೆ ಅದರಲ್ಲಿ 65,000 ಬಣ್ಣ ಕಾಣುವುದು ಹೇಗೆ? ಇದು ಮೋಸ ಅಂತ ನಾನು ಹೇಳುತ್ತಿಲ್ಲ. ಪೆಟ್ಟಿಗೆಯಲ್ಲಿ ಎಷ್ಟು ಬಣ್ಣದ ಪೆನ್ಸಿಲ್ ಇದೆ ಎಂಬುದು ಬೇರೆ, ಒಂದು ಚಿತ್ರಕ್ಕೆ ಎಷ್ಟು ಬಳಸುತ್ತೇವೆ ಎಂಬುದು ಬೇರೆ. ಎಂ515ಕ್ಕೂ ಇದೇ ಮಾತು ಸಲ್ಲುತ್ತದೆ. ಆದರೆ ಆ ಸಂಖ್ಯೆ ಬರೆದ ಎಷ್ಟು ಜನ ಒಂದು ಕ್ಷಣ ನಿಂತು ಹೀಗೆ ಯೋಚಿಸಿದ್ದರು ಎಂಬುದು ನನ್ನ ಪ್ರಶ್ನೆ. ಯೋಚಿಸಿದ್ದರೆ "65,000 ಬಣ್ಣ ಅಂದರೆ ಏನು ಸ್ವಾಮಿ?" ಎಂದು ಒಂದು ಪ್ರಶ್ನೆ ಹುಟ್ಟುತ್ತಿತ್ತು. ಆ ಪ್ರಶ್ನೆ ಕಂಪನಿಗೆ ಹೋಗಿದ್ದರೆ ಮಾರ್ಚ್‌ನಲ್ಲೇ ಬಣ್ಣ ಬಯಲಾಗುತ್ತಿತ್ತು.

"ಕಣ್ಣಿಗೆ ಗೊತ್ತೇ ಆಗುವುದಿಲ್ಲ" ಎನ್ನುವುದು ಇನ್ನೊಂದು ವಾದ. ವಿಳಾಸ ಪುಸ್ತಕ ನೋಡುವಾಗ ಗೊತ್ತಾಗುವುದಿಲ್ಲ, ಒಪ್ಪಿದೆ. ಆದರೆ ಬಣ್ಣದ ಪರದೆಗೆ ಜಾಸ್ತಿ ದುಡ್ಡು ಕೊಟ್ಟವನು ಅದರಲ್ಲಿ ಫೋಟೋ ನೋಡುತ್ತಾನೆ. ಹದಿನಾರೇ ಮೆಟ್ಟಿಲಿನ ನೀಲಿಯಲ್ಲಿ ಆಕಾಶ ತೋರಿಸಿದರೆ ಆಕಾಶ ಪಟ್ಟೆ ಪಟ್ಟೆಯಾಗುತ್ತದೆ. ಬೆರೆಸಿ ಮರೆಮಾಚಿದರೆ ಮರಳು ಎರಚಿದ ಹಾಗೆ ಆಗುತ್ತದೆ. ಸಂಜೆಯ ಆಕಾಶ, ಮಗುವಿನ ಕೆನ್ನೆ, ಇಂಥ ಕಡೆಗಳಲ್ಲೇ ಕಳ್ಳ ಸಿಕ್ಕಿಬೀಳುವುದು. ಅಲ್ಲದೆ, ಕಣ್ಣಿಗೆ ಗೊತ್ತಾಗದ ಸಂಖ್ಯೆಯಾದರೆ ಅದನ್ನು ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಮುದ್ರಿಸುವುದು ಯಾಕೆ? ಮಾರುವಾಗ ಮುಖ್ಯವಾಗಿದ್ದದ್ದು ಸಿಕ್ಕಿಬಿದ್ದಾಗ ಮಾತ್ರ ಕ್ಷುಲ್ಲಕ ಆಗುವುದು ಎಂಥ ನ್ಯಾಯ?

ಬೆಲೆಗಳನ್ನು ಮತ್ತೊಮ್ಮೆ ನೋಡಿ. 399 ಮತ್ತು 279. ನಡುವೆ 120 ಡಾಲರ್. ಅಂಗಡಿಯಲ್ಲಿ ನಿಂತ ಒಬ್ಬ ವಿದ್ಯಾರ್ಥಿಯೋ ಗುಮಾಸ್ತನೋ ಎರಡರ ಪಟ್ಟಿ ಹೋಲಿಸುತ್ತಾನೆ. ದುಬಾರಿಯದ್ದರಲ್ಲಿ ಮೆಮೊರಿ 16 ಎಂಬಿ, ಅಗ್ಗದ್ದರಲ್ಲಿ 8. ಅದು ಪರವಾಗಿಲ್ಲ. ಬಣ್ಣ? ಎರಡರಲ್ಲೂ ಒಂದೇ. ಹಾಗಾದರೆ ಅಗ್ಗದ್ದೇ ಸಾಕು ಎಂದು ತೀರ್ಮಾನಿಸುತ್ತಾನೆ. ಆ ತೀರ್ಮಾನ ನಿಂತಿರುವುದು ಸುಳ್ಳಿನ ಮೇಲೆ.

ಇದಕ್ಕಿಂತ ನನ್ನ ಹೊಟ್ಟೆ ಉರಿಸುವ ಸಂಗತಿ ಬೇರೆ ಇದೆ. ಅದೇ 2002ರಲ್ಲಿ ಹ್ಯಾಂಡ್‌ಸ್ಪ್ರಿಂಗ್ ಎಂಬ ಕಂಪನಿ ಟ್ರಿಯೋ 90 ಎಂಬ ಬಣ್ಣದ ಸಾಧನ ಬಿಟ್ಟಿತು. 299 ಡಾಲರ್, ಪುಟ್ಟ ಕೀಲಿಮಣೆಯೂ ಇತ್ತು. ಅದರದ್ದೂ 12 ಬಿಟ್‌ನ ಪರದೆ. ಅವರು ಹೇಳಿದ್ದು ನಾಲ್ಕು ಸಾವಿರದಷ್ಟು ಬಣ್ಣ ಎಂದೇ. ಈಗ ಒಂದು ಪತ್ರಿಕೆಯಲ್ಲಿ ಎರಡನ್ನೂ ಅಕ್ಕಪಕ್ಕ ಇಟ್ಟು ಕೋಷ್ಟಕ ಮಾಡಿ ನೋಡಿ. ಒಂದು ಕಡೆ 279 ಡಾಲರಿಗೆ 65,000 ಬಣ್ಣ. ಇನ್ನೊಂದು ಕಡೆ 299 ಡಾಲರಿಗೆ 4,096. ನಿಜ ಹೇಳಿದವನು ದಡ್ಡನ ಹಾಗೆ ಕಾಣುತ್ತಾನೆ. ಪ್ರೆಸ್ ನೋಟನ್ನು ನಕಲು ಮಾಡಿ ಕೋಷ್ಟಕ ಮಾಡುವ ಉಪಸಂಪಾದಕ "ನಾನು ಯಾರ ಪರವೂ ಅಲ್ಲ" ಎಂದುಕೊಂಡಿರುತ್ತಾನೆ. ಅವನಿಗೆ ಗೊತ್ತಿಲ್ಲದೆಯೇ ಅವನು ಸುಳ್ಳುಗಾರನ ಪರ. ಗೆಳೆಯಾ, ಇದು ಸಣ್ಣ ವಿಷಯವಾ?

ಸಂಖ್ಯೆ ಸರಿಯಿದ್ದರೂ ಸಾಲದು. ತ್ರೀ ಸಿ ವಿಷಯದಲ್ಲಿ 256 ಬಣ್ಣ ಎಂಬುದು ಪ್ರಾಮಾಣಿಕ ಲೆಕ್ಕವೇ. ಆದರೆ ಅದನ್ನು ಕೊಂಡವರು ದೂರಿದ್ದು ಬಣ್ಣ ಕಡಿಮೆಯೆಂದಲ್ಲ, ಬಿಸಿಲಿಗೆ ಹೋದರೆ ಪರದೆ ಮಾಸಿಹೋಗುತ್ತದೆ ಎಂದು. ಹಿಂದಿನಿಂದ ಬೆಳಕು ಬಿಟ್ಟು ಬಣ್ಣ ತೋರಿಸುವ ಪರದೆ ಅದು. ಕೋಣೆಯೊಳಗೆ ಚೆಂದ, ಹೊರಗೆ ಸೂರ್ಯನ ಎದುರು ಆ ದೀಪ ಎಲ್ಲಿ ನಿಲ್ಲುತ್ತದೆ? ಹಳೆಯ ಬೂದು ಪರದೆಗೆ ಬಿಸಿಲೇ ಗೆಳೆಯ, ಬೆಳಕು ಹೆಚ್ಚಿದಷ್ಟೂ ಸ್ಪಷ್ಟ. ಮರುವರ್ಷ ಎಂ505 ಬಂದಾಗ ತಿರುಗುಮುರುಗಾಯಿತು. 65,536 ನಿಜವಾದ ಬಣ್ಣ, ಬಿಸಿಲಲ್ಲೂ ಕಾಣುವ ಪರದೆ, ಆದರೆ ಮನೆಯೊಳಗೆ ಮಂಕು. ಆ ಮಂಕಿನ ದೂರು ಎಷ್ಟಾಯಿತೆಂದರೆ ಒಂದೇ ವರ್ಷದಲ್ಲಿ ಬೆಳಕು ಹೆಚ್ಚಿಸಿದ ಎಂ515 ಬಂತು. ಬಿಸಿಲಲ್ಲಿ ಕಾಣುತ್ತದಾ, ದೀಪದಡಿ ಕಾಣುತ್ತದಾ ಎಂಬ ಸಾಲು ಯಾವ ಪೆಟ್ಟಿಗೆಯ ಮೇಲೂ ಇರಲಿಲ್ಲ. ಬಣ್ಣ ಎಣಿಸಿ ಹೇಳಿದವರು ಅಂಗಳಕ್ಕೆ ಇಳಿದು ನೋಡಿ ಹೇಳಲಿಲ್ಲ.

ಬ್ಯಾಟರಿಯದ್ದೂ ಹಾಗೆಯೇ. ಬೂದು ಪಾಮ್ ತ್ರೀಗೆ ಎರಡು ಸಣ್ಣ ಸೆಲ್ ಹಾಕಿದರೆ ವಾರಗಟ್ಟಲೆ ನಡೆಯುತ್ತಿತ್ತು, ಮುಗಿದರೆ ಯಾವ ಅಂಗಡಿಯಲ್ಲೂ ಸೆಲ್ ಸಿಗುತ್ತಿತ್ತು. ಬಣ್ಣದ ತ್ರೀ ಸಿಗೆ ಒಳಗೇ ಕೂರಿಸಿದ ಚಾರ್ಜ್ ಮಾಡುವ ಬ್ಯಾಟರಿ. ಪ್ರಯಾಣಕ್ಕೆ ಹೊರಟವನು ಅದರ ತೊಟ್ಟಿಲನ್ನೂ ಹೊತ್ತೊಯ್ಯಬೇಕು. (ಚಾರ್ಜ್ ಮಾಡಲು, ಕಂಪ್ಯೂಟರಿಗೆ ಜೋಡಿಸಲು ಅದನ್ನು ನಿಲ್ಲಿಸುವ ಸ್ಟ್ಯಾಂಡಿಗೆ ಅವರು ತೊಟ್ಟಿಲು ಅಂತಲೇ ಕರೆಯುತ್ತಿದ್ದರು. ಎಷ್ಟು ಮುದ್ದು!) ಬ್ಯಾಟರಿ ಪೂರ್ತಿ ಸತ್ತರೆ ಒಳಗಿದ್ದ ವಿಳಾಸ, ಟಿಪ್ಪಣಿ ಎಲ್ಲ ಅಳಿಸಿಹೋಗುತ್ತಿತ್ತು. ಕೊನೆಯ ಬಾರಿ ಕಂಪ್ಯೂಟರಿಗೆ ಇಳಿಸಿಕೊಂಡದ್ದು ಮಾತ್ರ ಉಳಿಯುತ್ತಿತ್ತು. ಡೈರಿಗೆ ಬದಲಾಗಿ ಕೊಂಡ ವಸ್ತು ಡೈರಿಯನ್ನೇ ನುಂಗುತ್ತದೆ ಎಂಬುದಕ್ಕಿಂತ ದೊಡ್ಡ ಸುದ್ದಿ ಬೇಕಾ? ಇದನ್ನು ಜನ ಕಲಿತದ್ದು ಒಮ್ಮೆ ಕಳೆದುಕೊಂಡ ಮೇಲೆ.

ನಮ್ಮವರಿಗೆ ಇನ್ನೊಂದು ಸಾಲು ಬೇಕಿತ್ತು: ಇದರಲ್ಲಿ ಕನ್ನಡ ಇಲ್ಲ. ಕಡ್ಡಿಯಿಂದ ಬರೆಯುವ ಲಿಪಿ ಇಂಗ್ಲಿಷ್ ಅಕ್ಷರದ್ದು. ಅದೇ ಕಾಲಕ್ಕೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರು ಸಿಂಪ್ಯೂಟರ್ ಎಂಬ ಕೈಗಣಕ ಮಾಡಿ, ಅದು ಕನ್ನಡ ಓದಿ ಹೇಳುವ ಹಾಗೆ ತಂತ್ರಾಂಶ ಬರೆಯುತ್ತಿದ್ದರು. ಅದರ ಕಥೆ ಬೇರೆ, ಅದಕ್ಕೆ ಇನ್ನೊಂದು ದಿನ ಬೇಕು.

ಇಷ್ಟೆಲ್ಲ ಬೇರೆಯವರ ಮೇಲೆ ಹೇಳಿದೆ. ಈಗ ನನ್ನದು.

ಮೂರು ವರ್ಷದ ಹಿಂದೆ ನಾನಿದ್ದ ಪತ್ರಿಕೆಯ ಪುರವಣಿಯಲ್ಲಿ "ಹೊಸತು" ಎಂಬ ಸಣ್ಣ ಚೌಕ ಬರುತ್ತಿತ್ತು. ವಾರಕ್ಕೆ ನೂರೈವತ್ತು ಪದ, ಒಂದು ಫೋಟೋ. ಒಂದು ವಾರ ಮೊಬೈಲೊಂದರ ಪ್ರೆಸ್ ನೋಟ್ ಬಂತು, ಇಂಗ್ಲಿಷಿನಲ್ಲಿ. ನಾನು ಕನ್ನಡ ಮಾಡಿದೆ. "5 ಮೆಗಾಪಿಕ್ಸೆಲ್ ಕ್ಯಾಮೆರಾ ಇದ್ದು, ಅತ್ಯಂತ ಸ್ಪಷ್ಟ ಚಿತ್ರಗಳನ್ನು ತೆಗೆಯಬಹುದು" ಎಂದು ಬರೆದೆ. "ಅತ್ಯಂತ" ನನ್ನ ಸ್ವಂತದ್ದು, ಅವರ ನೋಟಿನಲ್ಲೂ ಇರಲಿಲ್ಲ. ಸಾಲು ತುಂಬಬೇಕಿತ್ತು.

ಎರಡು ವಾರ ಬಿಟ್ಟು ಒಬ್ಬರು ಕಚೇರಿಗೆ ಬಂದರು. ತಾಲೂಕು ಕಚೇರಿಯ ಎದುರು ಜೆರಾಕ್ಸ್ ಅಂಗಡಿ ಇಟ್ಟವರು, ಐವತ್ತರ ಹತ್ತಿರದ ವಯಸ್ಸು. ಅಂಗಿಯ ಜೇಬಿನಲ್ಲಿ ನನ್ನ ಚೌಕದ ಕಟಿಂಗ್. ಅರ್ಜಿಗೆ ಫೋಟೋ ಬೇಕೆಂದು ಜನ ಬರುತ್ತಾರೆ, ಸ್ಟುಡಿಯೋ ಬಸ್‌ಸ್ಟ್ಯಾಂಡಿನ ಆಚೆ ಇದೆ, ತಾನೇ ಪಾಸ್‌ಪೋರ್ಟ್ ಸೈಜ್ ಫೋಟೋ ತೆಗೆದು ಪ್ರಿಂಟ್ ಕೊಟ್ಟರೆ ನಾಲ್ಕು ಕಾಸು ಎಂದು ಲೆಕ್ಕ ಹಾಕಿದ್ದಾರೆ. ಕ್ಯಾಮೆರಾ ಕೊಳ್ಳುವಷ್ಟು ದುಡ್ಡಿಲ್ಲ. ನನ್ನ ಚೌಕ ಓದಿ ಸೊಸೈಟಿಯಲ್ಲಿ ಸಾಲ ಮಾಡಿ ಆ ಫೋನ್ ಕೊಂಡಿದ್ದಾರೆ. ಮೇಜಿನ ಮೇಲೆ ನಾಲ್ಕು ಪ್ರಿಂಟ್ ಹರಡಿದರು. ಮುಖ ಗಾರೆ ಮೆತ್ತಿದ ಹಾಗೆ ಇತ್ತು. ಒಂದು ಅರ್ಜಿಯನ್ನು ಫೋಟೋ ಸರಿಯಿಲ್ಲವೆಂದು ವಾಪಸು ಕಳಿಸಿದ್ದರಂತೆ.

"ನೀವು ಬರ್ದದ್ದು ನೋಡಿಯೇ ತಗೊಂಡೆ ಸಾರ್. ನೀವು ಇದನ್ನ ಒಂದ್ಸಲ ಕೈಲಿ ಹಿಡ್ದು ನೋಡಿದ್ರಾ?"

ನಾನು ನೋಡಿರಲಿಲ್ಲ. ಆ ಫೋನನ್ನು ನಾನು ಮೊದಲು ಮುಟ್ಟಿದ್ದು ಅವತ್ತು, ಅವರದ್ದನ್ನೇ. ಆಮೇಲೆ ತಿಳಿದವರನ್ನು ಕೇಳಿದಾಗ ಗೊತ್ತಾಯಿತು, ಒಳಗೆ ಇದ್ದದ್ದು 2 ಮೆಗಾಪಿಕ್ಸೆಲಿನದ್ದು. ಉಳಿದದ್ದನ್ನು ತಂತ್ರಾಂಶ ಊಹಿಸಿ ಹಿಗ್ಗಿಸುತ್ತಿತ್ತು. ಸಂದಿನಲ್ಲಿ ಸುಳ್ಳು ಮೆಟ್ಟಿಲು, ಅದೇ ಹಳೆಯ ಉಪಾಯ.

ತಿದ್ದುಪಡಿ ಹಾಕೋಣ ಎಂದು ಮೇಲಿನವರನ್ನು ಕೇಳಿದೆ. "ಕಂಪನಿ ಕೊಟ್ಟದ್ದನ್ನು ಹಾಕಿದ್ದೇವೆ, ನಮ್ಮ ತಪ್ಪೇನು?" ಎಂದರು. ಮುಂದಿನ ವಾರದ ಪುರವಣಿಯ ಹಿಂಬದಿ ಪುಟಕ್ಕೆ ಅದೇ ಫೋನಿನ ಜಾಹೀರಾತು ಬುಕ್ ಆಗಿತ್ತು. ನಾನೂ ಸುಮ್ಮನಾದೆ. ಅವರು ಮತ್ತೆ ಬರಲಿಲ್ಲ. ತಾಲೂಕು ಕಚೇರಿಗೆ ಹೋದಾಗಲೆಲ್ಲ ನಾನು ಆ ಅಂಗಡಿಯ ಎದುರಿನ ದಾರಿ ಬಿಟ್ಟು ಹಿಂದಿನ ಗೇಟಿನಿಂದ ಹೋಗುತ್ತಿದ್ದೆ.

ಮೊನ್ನೆ ಗೆಳೆಯ ಫೋನಿನಲ್ಲಿ ಹೇಳಿದ ಮಾತು ಅಕ್ಷರಶಃ ಅದೇ ಆಗಿತ್ತು. ಅದಕ್ಕೇ ಇಷ್ಟು ರೇಗಿದ್ದು.

ಅವನ ಕಷ್ಟ ನನಗೆ ಗೊತ್ತಿಲ್ಲವೆಂದಲ್ಲ. ಒಬ್ಬನೇ ಪುಟ ಮಾಡಬೇಕು, ವಸ್ತು ಕೈಗೆ ಬರುವುದಿಲ್ಲ, ಪ್ರೆಸ್ ನೋಟ್ ಮಾತ್ರ ಬರುತ್ತದೆ. ಪರೀಕ್ಷಿಸುವ ಉಪಕರಣ ಇಲ್ಲ. ಸರಿ, ಪರೀಕ್ಷಿಸಬೇಡ. ಕೈಯಲ್ಲಿ ಹಿಡಿಯದ ವಸ್ತುವಿಗೆ "ನಾವು ಇದನ್ನು ಬಳಸಿ ನೋಡಿಲ್ಲ" ಎಂದು ಒಂದು ಸಾಲು ಸೇರಿಸು, ನಾಲ್ಕು ಪದ. "ಹೊಂದಿದೆ" ಎಂದು ಬರೆಯುವ ಜಾಗದಲ್ಲಿ "ಎಂದು ಕಂಪನಿ ಹೇಳಿದೆ" ಎಂದು ಬರೆ. ಆರು ತಿಂಗಳು ಬಳಸಿದ ಇಬ್ಬರನ್ನು ಹುಡುಕಿ, ಬಿಸಿಲಲ್ಲಿ ಕಾಣುತ್ತದಾ, ಬ್ಯಾಟರಿ ಎಷ್ಟು ಹೊತ್ತು, ಕೆಟ್ಟರೆ ಎಲ್ಲಿ ರಿಪೇರಿ, ಕನ್ನಡ ಬರುತ್ತದಾ ಎಂದು ಕೇಳು. ಬರಗಾಲದ ವರದಿಗೆ ಇಲಾಖೆಯ ಅಂಕಿ ಅಂಶ ಮಾತ್ರ ತಂದರೆ ನಮ್ಮ ಮೇಷ್ಟ್ರು ಕಾಗದ ಮುಖಕ್ಕೆ ಎಸೆಯುತ್ತಿದ್ದರು, ನೆನಪಿದೆಯಾ? "ಬಾವಿ ಇಣುಕಿ ನೋಡಿದ್ಯೇನೋ?" ಅನ್ನುತ್ತಿದ್ದರು. ಬಾವಿಗೆ ಒಂದು ನ್ಯಾಯ, ಫೋನಿಗೆ ಇನ್ನೊಂದು ನ್ಯಾಯವಾ?

ಜಾಹೀರಾತು ಹೋಗುತ್ತದೆ ಎನ್ನುತ್ತೀಯ. ಹೋದರೆ ಜಾಹೀರಾತು ವಿಭಾಗದವರು ಬಂದು ನಿನ್ನ ಹತ್ತಿರ ಜಗಳ ಆಡಲಿ, ಆ ಜಗಳಕ್ಕೆ ನಾನೂ ಬರುತ್ತೇನೆ.

ಆಗ ಹಾಕದೆ ಬಿಟ್ಟದ್ದನ್ನು ಇಲ್ಲಿ ಹಾಕುತ್ತಿದ್ದೇನೆ. ಇದನ್ನು ಪ್ರಿಂಟ್ ತೆಗೆದು ಇವತ್ತು ಸಂಜೆ ಆ ಜೆರಾಕ್ಸ್ ಅಂಗಡಿಗೆ ಮುಂದಿನ ದಾರಿಯಿಂದಲೇ ಹೋಗಿ ಕೊಡುವವನಿದ್ದೇನೆ.

ತಿದ್ದುಪಡಿ: ಮೂರು ವರ್ಷದ ಹಿಂದೆ "ಹೊಸತು" ಚೌಕದಲ್ಲಿ ಮೊಬೈಲೊಂದರ ಕ್ಯಾಮೆರಾ 5 ಮೆಗಾಪಿಕ್ಸೆಲಿನದ್ದು ಎಂದು ಬರೆಯಲಾಗಿತ್ತು. ಅದು 2 ಮೆಗಾಪಿಕ್ಸೆಲಿನದ್ದು. "ಅತ್ಯಂತ ಸ್ಪಷ್ಟ ಚಿತ್ರ" ಎಂಬುದನ್ನು ಬರೆದವನು ಆ ಫೋನನ್ನು ನೋಡಿರಲಿಲ್ಲ. ತಪ್ಪು ನನ್ನದು.